ಗ್ರೇಟಿಂಗ್ ಕೋಣೆಗೆ ಬರುವ ಮುನ್ನ: ಮಾಡಬೇಕಾದ್ದು, ಮಾಡಬಾರದ್ದು

ಚಾಂಪಿಯನ್ ರೀಫ್ಸ್, ಉರಿಗಾಂ, ಮಾರಿಕುಪ್ಪಂ, ಬಂಗಾರಪೇಟೆಯಿಂದ ಬೆಳಗಿನ ರೈಲು ಹತ್ತಿ ಬೆಂಗಳೂರಿನ ಲೇಸರ್ ಪ್ರಯೋಗಾಲಯಗಳಿಗೆ ತರಬೇತಿಗೆ ಬರುವ ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳ ಗಮನಕ್ಕೆ.

ಹೆಚ್ಚು ಶಕ್ತಿಯ ಫೈಬರ್ ಲೇಸರ್‌ಗೆ ಕನ್ನಡಿಯ ಕೆಲಸ ಮಾಡುವುದು ಗ್ರೇಟಿಂಗ್, ಅಂದರೆ ಫೈಬರಿನ ನಡುವಿನ ಕೋರ್‌ನಲ್ಲಿ ಸಾಲಾಗಿ ಬರೆದ ಗೆರೆಗಳು. ಯಟರ್ಬಿಯಂ ಬೆರೆಸಿದ ಫೈಬರಿನ ಎರಡೂ ತುದಿಗೆ ಒಂದೊಂದನ್ನು ಬೆಸೆಯುತ್ತೇವೆ. 1080 ನ್ಯಾನೊಮೀಟರ್ ಬೆಳಕನ್ನು ಹಿಂದಕ್ಕೆ ಕಳಿಸಬೇಕಾದರೆ ಕೋರ್‌ನೊಳಗೆ ಗೆರೆಯಿಂದ ಗೆರೆಗೆ ಸುಮಾರು 372 ನ್ಯಾನೊಮೀಟರ್ ಅಂತರ ಇರಬೇಕು. ಒಂದು ಗ್ರೇಟಿಂಗ್ ಶೇ 99ಕ್ಕಿಂತ ಹೆಚ್ಚು ಬೆಳಕನ್ನು ವಾಪಸು ಕಳಿಸುತ್ತದೆ. ಇನ್ನೊಂದು ಕಳಿಸುವುದು ಸುಮಾರು ಶೇ 10 ಮಾತ್ರ. ಉಳಿದದ್ದು ಹೊರಬಂದು ಪೀಣ್ಯದ ಶೆಡ್ಡುಗಳಲ್ಲಿ ಉಕ್ಕಿನ ತಗಡು ಕತ್ತರಿಸುತ್ತದೆ.

ಐಐಎಸ್ಸಿಯ ಪ್ರೊ. ಎಸ್. ಅಶೋಕನ್ ಅವರ ತಂಡ ಗ್ರೇಟಿಂಗನ್ನು ಸೆನ್ಸರ್ ಆಗಿ ಬಳಸಿದ್ದನ್ನು ನೀವು ಓದಿರಬಹುದು. ಬಿಸಿಯಾದರೆ, ಎಳೆದರೆ ತರಂಗಾಂತರ ಸರಿಯುತ್ತದೆ, ಅದೇ ಅಲ್ಲಿನ ಬಂಡವಾಳ. ನಮಗೆ ಅದೇ ಕಾಟ. ಸಾವಿರ ವಾಟ್ ಹಾಯುವಾಗ ಸಾವಿರದಲ್ಲೊಂದು ಪಾಲು ಹೀರಿಕೊಂಡರೂ ಒಂದು ವಾಟ್ ಶಾಖ ಒಂದೆರಡು ಸೆಂಟಿಮೀಟರ್ ಗಾಜಿನಲ್ಲೇ ಉಳಿಯುತ್ತದೆ. ಕೆಳಗಿನ ನಿಯಮಗಳಲ್ಲಿ ಹೆಚ್ಚಿನವು ಆ ಒಂದು ವಾಟಿಗೆ ಹೆದರಿ ಮಾಡಿದವು.

ಧೂಳು. ಗಾಳಿ ಎದ್ದ ದಿನ ನಿಮ್ಮೂರ ಚಿನ್ನದ ಗಣಿಯ ತ್ಯಾಜ್ಯ ರಾಶಿಯ, ಅಂದರೆ ಸೈನೈಡ್ ಗುಡ್ಡದ ಪುಡಿ ಹೇಗೆ ಬಟ್ಟೆಯ ಮಡಿಕೆಯಲ್ಲಿ ಕೂರುತ್ತದೆಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ. ಚಪ್ಪಲಿ, ಬ್ಯಾಗು ಹೊರಗೇ ಇಡಿ. ಏಪ್ರನ್, ತಲೆಗವಸು, ಕೈಗವಸು ಇಲ್ಲದೆ ಒಳಗೆ ಕಾಲಿಡಬೇಡಿ. ಕೋಟಿಂಗ್ ಸುಲಿದ ಭಾಗವನ್ನು ಬೆರಳಿನಿಂದ ಮುಟ್ಟಕೂಡದು, ಒಣ ಟಿಶ್ಯೂನಿಂದ ಉಜ್ಜಕೂಡದು. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿದ ಟಿಶ್ಯೂ, ಒಂದೇ ದಿಕ್ಕಿನಲ್ಲಿ ಒಂದೇ ಸಲ. ಆಮೇಲೆ ಆ ಟಿಶ್ಯೂ ಎಸೆಯಿರಿ. ಬ್ಲೇಡಿನಿಂದ ಕೋಟಿಂಗ್ ಕೆರೆಯುವವರನ್ನು ಆ ದಿನವೇ ಮೇಜಿನಿಂದ ಎಬ್ಬಿಸಲಾಗುವುದು. ಗಾಜಿನ ಮೇಲೆ ಬಿದ್ದ ಗೀರು ಇಂದು ಕಾಣದಿದ್ದರೂ ನಾಳೆ ಅಲ್ಲೇ ಮುರಿಯುತ್ತದೆ.

ಹೈಡ್ರೊಜನ್. ಇದನ್ನು ಎರಡು ಸಲ ಓದಿ. ಗೆರೆ ಬರೆಯುವ ಅತಿನೇರಳೆ ಲೇಸರಿಗೆ ಫೈಬರ್ ಚೆನ್ನಾಗಿ ಸ್ಪಂದಿಸಲೆಂದು ಅದನ್ನು 100 ಬಾರ್‌ಗೂ ಮೇಲಿನ ಒತ್ತಡದ ಹೈಡ್ರೊಜನ್‌ನಲ್ಲಿ ದಿನಗಟ್ಟಲೆ ಇಡುತ್ತೇವೆ. ಗಾಳಿಯಲ್ಲಿ ಶೇ 4 ಸೇರಿದರೆ ಸಾಕು, ಈ ಅನಿಲ ಹೊತ್ತಿಕೊಳ್ಳುತ್ತದೆ. ಸಿಲಿಂಡರ್ ನಿಲ್ಲಿಸಿ ಸರಪಳಿ ಹಾಕಿ. ಅದರ ಜೋಡಣೆಯ ತಿರುಪು ಎಡಮುಖ, ಬಿಗಿಯಲೆಂದು ಬಲವಂತವಾಗಿ ಬಲಕ್ಕೆ ತಿರುಗಿಸಬೇಡಿ. ಸೋರಿಕೆ ಅಲಾರಂ ಕೂಗಿದರೆ ಸ್ವಿಚ್ ಮುಟ್ಟದೆ ಹೊರಗೆ ನಡೆಯಿರಿ.

ಗೆರೆ ಬರೆದಾದ ಮೇಲೆ ಉಳಿದ ಹೈಡ್ರೊಜನ್ ಹೊರಗೆ ಹೋಗುವ ತನಕ ಗ್ರೇಟಿಂಗಿಗೆ ಶಕ್ತಿ ಕೊಡಲೇಬಾರದು. ಗಣಿಯಲ್ಲಿ ಶಾಟ್ ಹೊಡೆದ, ಅಂದರೆ ಸಿಡಿಮದ್ದು ಸಿಡಿಸಿದ ಮೇಲೆ ಹೊಗೆ ಹೋಗುವವರೆಗೆ ಒಳಗೆ ಇಳಿಯಬಾರದೆಂದು ನಿಮ್ಮ ತಾತಂದಿರು ಪಾಲಿಸಿದ ನಿಯಮದಂತೆಯೇ ಇದೂ. ಎಡವುವುದು ಲೆಕ್ಕದಲ್ಲಿ. ಅನಿಲ ಹೊರಬರಲು ಬೇಕಾದ ಕಾಲ ಫೈಬರಿನ ವ್ಯಾಸದ ವರ್ಗಕ್ಕೆ ತಕ್ಕಂತೆ ಏರುತ್ತದೆ. 125 ಮೈಕ್ರಾನ್ ಫೈಬರಿನ ವೇಳಾಪಟ್ಟಿಯನ್ನೇ 400 ಮೈಕ್ರಾನ್ ಫೈಬರಿಗೂ ಹಚ್ಚುವವರಿದ್ದಾರೆ. ಅದಕ್ಕೆ ಬೇಕಾದ್ದು ಸುಮಾರು ಹತ್ತು ಪಟ್ಟು ಕಾಲ. ಗಡಿಬಿಡಿಯಿದ್ದರೆ ಓವನ್ ಬಿಸಿ ಹೆಚ್ಚಿಸಿ, ಕಾಯುವುದನ್ನು ಬಿಡಬೇಡಿ. ಓವನ್ನಿನಲ್ಲಿ ಹೀಗೆ ಕಾಯಿಸುವ ಅನೀಲಿಂಗ್ ಆಗಬೇಕಾದ್ದು ಹೊಸ ಕೋಟಿಂಗ್ ಹಾಕುವ ಮೊದಲು. ಕೋಟಿಂಗಿನ ಅಕ್ರಿಲೇಟ್ ದೀರ್ಘಕಾಲ ತಾಳುವುದು ಸುಮಾರು 80 ಡಿಗ್ರಿ ಸೆಲ್ಸಿಯಸ್ ಮಾತ್ರ.

ಫೆಮ್ಟೊಸೆಕೆಂಡ್ ಲೇಸರ್‌ನಿಂದ ಬರೆದರೆ ಹೈಡ್ರೊಜನ್ ಗೋಜೇ ಇಲ್ಲ, ನಿಜ. ಹಾಗೆಂದು ಅನೀಲಿಂಗ್ ಬಿಡಬೇಡಿ. ಬೆಳಕು ಹೀರುವ ದೋಷಗಳು ಅಲ್ಲೂ ಗಾಜಿನಲ್ಲಿ ಉಳಿಯುತ್ತವೆ.

ಮರುಕೋಟಿಂಗ್. ಕೋರ್ ಸುತ್ತಲಿನ ಕ್ಲ್ಯಾಡಿಂಗ್‌ನಲ್ಲಿ 915 ಅಥವಾ 976 ನ್ಯಾನೊಮೀಟರ್ ಪಂಪ್ ಬೆಳಕು ಹರಿಯುತ್ತಿರುತ್ತದೆ. ಆದ್ದರಿಂದ ಕಡಿಮೆ ವಕ್ರೀಭವನಾಂಕದ ಪಾಲಿಮರ್ ಮಾತ್ರ. ಕಪಾಟಿನಲ್ಲಿ ಕಂಡ ಮಾಮೂಲಿ ಅಕ್ರಿಲೇಟ್ ಸುರಿಯಬೇಡಿ, ಬೆಳಕು ಹೊರಗೆ ಸೋರಿ ಸುಡುತ್ತದೆ. ಸೂಕ್ಷ್ಮದರ್ಶಕದಡಿ ಒಂದು ಗುಳ್ಳೆ ಕಂಡರೂ ಮತ್ತೆ ಸುಲಿದು ಹೊಸದಾಗಿ ಹಾಕಿ. ‘ಪರವಾಗಿಲ್ಲ, ಸಣ್ಣದು’ ಎಂಬ ಮಾತು ಇಲ್ಲಿ ನಡೆಯದು.

ಪರೀಕ್ಷೆ. ಎರಡು ಗ್ರೇಟಿಂಗ್‌ಗಳ ತರಂಗಾಂತರ ಹೊಂದುತ್ತದೆಯೇ ನೋಡಿ. ಕಡಿಮೆ ಪ್ರತಿಫಲನದ್ದರ ಶಿಖರ ಹೆಚ್ಚು ಪ್ರತಿಫಲನದ್ದರ ಪಟ್ಟಿಯೊಳಗೇ ಇರಬೇಕು. ಫೈಬರನ್ನು ಬಿಗಿದು ಕಟ್ಟಬೇಡಿ. ಶಕ್ತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಪ್ರತಿ ಮೆಟ್ಟಿಲಲ್ಲೂ ಥರ್ಮಲ್ ಕ್ಯಾಮೆರಾದಲ್ಲಿ ಗ್ರೇಟಿಂಗಿನ ಉಷ್ಣತೆ ಬರೆದುಕೊಳ್ಳಿ. ನೇರವಾಗಿ ಏರುತ್ತಿದ್ದ ಉಷ್ಣತೆಯ ಗ್ರಾಫ್ ಇದ್ದಕ್ಕಿದ್ದಂತೆ ಮೇಲಕ್ಕೆ ಬಾಗಿದರೆ ತಕ್ಷಣ ಪಂಪ್ ಆರಿಸಿ, ಕೇಳಿ ಆರಿಸುವುದು ಬೇಡ. ಕೋರ್ ಹೊತ್ತಿಕೊಂಡರೆ ಬೆಂಕಿಯ ಚುಕ್ಕೆ ಸೆಕೆಂಡಿಗೆ ಸುಮಾರು ಒಂದು ಮೀಟರ್ ವೇಗದಲ್ಲಿ ಲೇಸರಿನ ಮೂಲದತ್ತ ಓಡುತ್ತದೆ. ದಾರಿಯ ಫೈಬರನ್ನೆಲ್ಲ ಹಾಳು ಮಾಡುತ್ತಲೇ ಹೋಗುತ್ತದೆ.

ಕಣ್ಣು. ಈ ಬೆಳಕು ಕಾಣುವುದಿಲ್ಲ. ಫೈಬರ್ ತುದಿಯನ್ನು ಎಂದೂ ಇಣುಕಿ ನೋಡಬೇಡಿ, ಆರಿಸಿದ್ದೇವೆಂದು ಯಾರೇ ಹೇಳಿದರೂ. ಬಳಸುತ್ತಿರುವ ಪಂಪ್ (915 ಅಥವಾ 976) ಮತ್ತು 1080 ಎರಡನ್ನೂ ತಡೆಯುವ ಕನ್ನಡಕ ಹಾಕಿ, ಅದರ ಮೇಲೆ ಬರೆದ ಸಂಖ್ಯೆ ಓದಿ ಹಾಕಿ. ಬಿಸಿಲಿನ ಕನ್ನಡಕ ಲೆಕ್ಕಕ್ಕಿಲ್ಲ. ಬಾಗಿಲ ಇಂಟರ್‌ಲಾಕಿಗೆ ಟೇಪ್ ಅಂಟಿಸಿದವರಿಗೆ ಎರಡನೇ ಅವಕಾಶವಿಲ್ಲ. ಉಂಗುರ, ಕೈಗಡಿಯಾರ ಕಳಚಿಡಿ.

ತುಂಡಾದ ಫೈಬರ್ ಮುಚ್ಚಳದ ಡಬ್ಬಿಗೇ ಹೋಗಬೇಕು. ಈ ಕೋಣೆಯಲ್ಲಿ ತಿಂಡಿ, ಚಹಾ ಇಲ್ಲ. ನೋಟೀಸು ಓದಿ ಸಹಿ ಹಾಕದವರಿಗೆ ಬಾಗಿಲ ಕಾರ್ಡ್ ಕೊಡಲಾಗುವುದಿಲ್ಲ.