ಎಳೆದಷ್ಟೂ ಬಿಗಿಯುವ ಬ್ಯಾಕ್ಟೀರಿಯ

ಮಕ್ಕಳೇ, ಹೊಲದ ಬದುವಿನಲ್ಲಿ ನಡೆದಾಗ ಉತ್ತರಾಣಿ ಬೀಜ ಬಟ್ಟೆಗೆ ಅಂಟುವುದನ್ನು ನೋಡಿದ್ದೀರಲ್ಲವೇ? ಇ. ಕೋಲಿ ಎಂಬ ಬ್ಯಾಕ್ಟೀರಿಯವೂ ಹೀಗೆಯೇ. 1885ರಲ್ಲಿ ಇದನ್ನು ವರ್ಣಿಸಿದವರು ಥಿಯೊಡೋರ್ ಎಶರಿಕ್. ನಮ್ಮ ಕರುಳಿನಲ್ಲಿ ಇದು ಬಹುಮಟ್ಟಿಗೆ ನಿರುಪದ್ರವಿ. ಮೂತ್ರಕೋಶ ಸೇರಿದರೆ ಸೋಂಕು ತರುತ್ತದೆ.

ಮೂತ್ರದ ರಭಸಕ್ಕೆ ಇದು ಕೊಚ್ಚಿಹೋಗುವುದಿಲ್ಲವೇ? ಇದರ ಮೈಮೇಲೆ ಕೂದಲಿನಂಥ ಎಳೆಗಳಿವೆ. ಎಳೆಯ ತುದಿಯ ಪ್ರೋಟೀನು ಮೂತ್ರಕೋಶದ ಒಳಗೋಡೆಯ ಮ್ಯಾನೋಸ್ ಎಂಬ ಸಕ್ಕರೆಯನ್ನು ಹಿಡಿಯುತ್ತದೆ. ಸೋಜಿಗವೆಂದರೆ, ಹರಿವು ಎಳೆದಷ್ಟೂ ಹಿಡಿತ ಬಿಗಿಯಾಗುತ್ತದೆ!

ಇನ್ನೂ ಅಂಟದವು ಮಾತ್ರ ಕೊಚ್ಚಿಹೋಗುತ್ತವೆ. ನೀರು ಕುಡಿಯದೆ, ಸಂಜೆಯವರೆಗೆ ಮೂತ್ರ ತಡೆದರೆ ಅವೂ ಒಳಗೇ ಉಳಿದು ಹೆಚ್ಚುತ್ತವೆ. ಹುಡುಗಿಯರಲ್ಲಿ ಮೂತ್ರ ಹೊರಬರುವ ನಾಳ ಗಿಡ್ಡ. ಅವರಿಗೆ ಅಪಾಯ ಹೆಚ್ಚು. ಉರಿಮೂತ್ರ, ಜ್ವರ ಬಂದರೆ ನಾಚದೆ ಮನೆಯಲ್ಲಿ ಹೇಳಿ. ಚಿಕಿತ್ಸೆ ತಡವಾದರೆ ಸೋಂಕು ಮೂತ್ರಪಿಂಡಕ್ಕೂ ಏರಬಹುದು.