ಗೃಹದೀಪಗಳ ಆಯ್ಕೆ ಮತ್ತು ವಿನ್ಯಾಸ

‘ದೀಪದ ಬುಡದಲ್ಲಿ ಕತ್ತಲೆ’ ಎಂಬುದು ಹಣತೆಯ ಕಾಲದ ಗಾದೆ. ಎಣ್ಣೆಯ ದೀಪಕ್ಕೆ ಅದರ ತಳವೇ ಅಡ್ಡವಾಗುವುದರಿಂದ ಅದು ತನ್ನ ಬುಡವನ್ನು ತಾನು ಬೆಳಗಲಾರದು. ವಿದ್ಯುದ್ದೀಪವು ಮಾಡನ್ನು ಬಿಟ್ಟು ಛಾವಣಿಯನ್ನೇರಿದ ಮೇಲೆ ಈ ಕತ್ತಲೆ ಅಳಿಯಿತೆಂದು ಭಾವಿಸುವುದು ಸಹಜ. ಆದರೆ ಅದು ಅಳಿಯಲಿಲ್ಲ. ಸ್ಥಳವನ್ನು ಮಾತ್ರ ಬದಲಿಸಿತು. ದೀಪವನ್ನು ಬೆನ್ನ ಹಿಂದಿರಿಸಿಕೊಂಡು ಓದಲು ಕುಳಿತ ಬಾಲಕನ ಪುಸ್ತಕದ ಮೇಲೆ ಅವನ ನೆರಳೇ ಕತ್ತಲೆಯಾಗಿ ಬೀಳುತ್ತದೆ. ಮನೆಯಲ್ಲಿ ಬೆಳಕು ಎಷ್ಟಿದೆ ಎಂಬುದಕ್ಕಿಂತ ಅದು ಎಲ್ಲಿ ಬೀಳುತ್ತದೆ ಎಂಬುದೇ ಮುಖ್ಯವೆಂಬುದು ಇದರಿಂದ ವೇದ್ಯವಾಗುತ್ತದೆ.

ಕನ್ನಡ ನಾಡಿಗೆ ವಿದ್ಯುತ್ತು ಹೊಸದಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ಉತ್ಪನ್ನವಾದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು; 1905ರಲ್ಲಿ ಬೆಂಗಳೂರಿನ ಬೀದಿಗಳು ವಿದ್ಯುದ್ದೀಪಗಳನ್ನು ಕಂಡವು. ಕ್ರಮೇಣ ಹಳ್ಳಿಯ ಮನೆಗಳಿಗೂ ದೀಪ ಬಂದಿತು. ಆದರೂ ನಡುಮನೆಯಲ್ಲಿ ಒಂದು ಕಂದೀಲನ್ನು ತೂಗುಹಾಕಿ ತೃಪ್ತರಾಗುತ್ತಿದ್ದ ಹಿಂದಿನ ರೂಢಿ, ಒಂದೇ ಬಲ್ಬಿನ ರೂಪದಲ್ಲಿ ಎಷ್ಟೋ ಮನೆಗಳಲ್ಲಿ ಇಂದಿಗೂ ಉಳಿದಿದೆ.

ಮೊದಲು ಆಯ್ಕೆಯ ವಿಚಾರ. ವ್ಯಾಟ್ ಎಂಬುದು ದೀಪವು ಬಳಸುವ ವಿದ್ಯುತ್ತಿನ ಅಳತೆಯೇ ಹೊರತು ಬೆಳಕಿನದಲ್ಲ. ಬೆಳಕಿನ ಅಳತೆ ಲ್ಯೂಮೆನ್. 60 ವ್ಯಾಟಿನ ಹಳೆಯ ತಂತಿಬಲ್ಬು ಕೊಡುವಷ್ಟು ಬೆಳಕನ್ನು 9 ವ್ಯಾಟಿನ ಎಲ್‌ಇಡಿ ದೀಪವು ಕೊಡಬಲ್ಲದು. ದಿನಕ್ಕೆ 5 ಗಂಟೆಯಂತೆ 30 ದಿನ ಉರಿಸಿದರೆ ಹಳೆಯದಕ್ಕೆ 9 ಯೂನಿಟ್, ಹೊಸದಕ್ಕೆ 1.35 ಯೂನಿಟ್ ವ್ಯಯವಾಗುತ್ತದೆ. ಬೆಳಕಿನ ಬಣ್ಣವನ್ನು ಕೆಲ್ವಿನ್‌ಗಳಲ್ಲಿ ಸೂಚಿಸುತ್ತಾರೆ. 2700ರ ಹೊಂಬಣ್ಣದ ಬೆಳಕು ಮಲಗುವ ಕೋಣೆಗೆ ಹಿತ. 4000ದ ಬಿಳುಪು ಓದಿಗೂ ಅಡುಗೆಗೂ ತಕ್ಕುದು. 6500ರದು ನೀಲಿಛಾಯೆಯ ಬಿಳುಪಾದ್ದರಿಂದ ವಿಶ್ರಾಂತಿಯ ವೇಳೆಗೆ ಒಗ್ಗದು.

ಇನ್ನು ವಿನ್ಯಾಸ. ದೀಪದಿಂದ ದೂರವು ಇಮ್ಮಡಿಯಾದರೆ ಅದರಿಂದ ನೇರವಾಗಿ ಬೀಳುವ ಬೆಳಕು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಆದುದರಿಂದ ಛಾವಣಿಯಲ್ಲಿ ದೊಡ್ಡ ಬಲ್ಬನ್ನು ಹಾಕುವುದಕ್ಕಿಂತ ಮೇಜಿನ ಬಳಿ ಸಣ್ಣ ದೀಪವನ್ನಿಡುವುದು ಲೇಸು. ಬಲಗೈಯಲ್ಲಿ ಬರೆಯುವವರಿಗೆ ದೀಪವು ಎಡಬದಿಯಲ್ಲಿರಬೇಕು, ಎಡಗೈಯವರಿಗೆ ಬಲಬದಿಯಲ್ಲಿ. ಕಣ್ಣಿಗೆ ನೇರವಾಗಿ ಕುಕ್ಕದಂತೆ ದೀಪಕ್ಕೆ ಮರೆಯಿರಬೇಕು. ಕೋಣೆಯನ್ನೆಲ್ಲ ಕತ್ತಲಾಗಿರಿಸಿ ಪುಸ್ತಕವೊಂದನ್ನೇ ಬೆಳಗಿಸಿದರೆ ಕಣ್ಣು ದಣಿಯುವುದರಿಂದ, ಸುತ್ತಲೂ ಮಂದವಾದ ಬೆಳಕೂ ಬೇಕು.

ಅಡುಗೆಮನೆಯಲ್ಲಿಯೂ ಇದೇ ನಿಯಮ. ಗೃಹಿಣಿಯ ಬೆನ್ನ ಹಿಂದಿನ ದೀಪವು ಈಳಿಗೆಯ ಮೇಲೂ ಒಲೆಯ ಮೇಲೂ ಅವಳ ನೆರಳನ್ನೇ ಚೆಲ್ಲುತ್ತದೆ. ಕೈಯ ಕೆಲಸ ನಡೆಯುವ ಕಟ್ಟೆಯ ಮುಂದುಗಡೆ ಗೋಡೆಯಲ್ಲಿ ದೀಪವಿದ್ದರೆ ಅಕ್ಕಿಯ ಕಲ್ಲೂ ಕಾಣುತ್ತದೆ, ಬೆರಳೂ ಉಳಿಯುತ್ತದೆ.

ವೃದ್ಧರ ಅಗತ್ಯವನ್ನು ಮನೆಯವರು ವಿಶೇಷವಾಗಿ ಗಮನಿಸಬೇಕು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗಿ, ಮಸೂರ ಹಳದಿಗಟ್ಟಿ, ಒಳಗೆ ಹೋಗುವ ಬೆಳಕು ಕುಗ್ಗುತ್ತದೆ. ಮೊಮ್ಮಗನಿಗೆ ಸಾಕಾದ ಬೆಳಕು ಅಜ್ಜಿಗೆ ಸಾಲದು. ಅವಳು ‘ಕಾಣುವುದಿಲ್ಲ’ ಎಂದಾಗ ಅದನ್ನು ಮುಪ್ಪಿನ ಗೊಣಗಾಟವೆಂದು ತಳ್ಳಿಹಾಕುವುದು ತರವಲ್ಲ. ನಡುರಾತ್ರಿ ಬಚ್ಚಲಿಗೆ ಹೊರಟ ಮುದುಕರು ಹೊಸ್ತಿಲನ್ನು ಎಡವಿ ಬಿದ್ದು ಸೊಂಟ ಮುರಿದುಕೊಂಡರೆ, ಹಿಂದೆ ಉಳಿಸಿದ ಕಾಸು ಯಾವ ಲೆಕ್ಕಕ್ಕೂ ಬಾರದು. ಹಾಸಿಗೆಯಿಂದ ಬಚ್ಚಲಿನವರೆಗಿನ ದಾರಿಯಲ್ಲಿ ನೆಲದ ಸಮೀಪ ಮಂದವಾದ ರಾತ್ರಿದೀಪವೊಂದು ಇರಲಿ. ಮೆಟ್ಟಿಲುಗಳ ದೀಪವನ್ನು ಮೇಲಿನಿಂದಲೂ ಕೆಳಗಿನಿಂದಲೂ ಹಾಕಿ ಆರಿಸಲು ಬರುವಂತೆ ಎರಡು ಸ್ವಿಚ್ಚುಗಳನ್ನು ಜೋಡಿಸಬೇಕು.

ವೆಚ್ಚವಿಲ್ಲದ ಉಪಾಯಗಳೂ ಉಂಟು. ಸುಣ್ಣ ಬಳಿದ ಬಿಳಿಯ ಗೋಡೆ ಬೆಳಕನ್ನು ಹಿಂದಕ್ಕೆ ಚೆಲ್ಲುತ್ತದೆ. ಹೊಗೆಹಿಡಿದ ಗೋಡೆ ಅದನ್ನು ನುಂಗುತ್ತದೆ. ಬಲ್ಬಿನ ಮೇಲಿನ ಧೂಳು ಸಹ ಬೆಳಕನ್ನು ಕದಿಯುತ್ತದೆ. ಅದನ್ನು ಒರೆಸುವ ಮುನ್ನ ಸ್ವಿಚ್ಚನ್ನು ಆರಿಸಿ, ದೀಪ ತಣ್ಣಗಾದ ಮೇಲೆ ಒಣಬಟ್ಟೆಯನ್ನೇ ಬಳಸಬೇಕು. ತಂತಿಯ ಕೆಲಸವನ್ನು ಮಾತ್ರ ಬಲ್ಲವರಿಗೇ ಬಿಡಬೇಕು.

ಒಂದು ಸಂಜೆ ವಿದ್ಯಾರ್ಥಿಗಳು ಪುಸ್ತಕವೊಂದನ್ನು ಕೈಯಲ್ಲಿ ಹಿಡಿದು, ಮನೆಯವರು ನಿತ್ಯ ಕುಳಿತು ಕೆಲಸ ಮಾಡುವ ಒಂದೊಂದು ಸ್ಥಳದಲ್ಲಿಯೂ ಕುಳಿತು ನೋಡಲಿ. ತನ್ನ ನೆರಳು ಪುಟದ ಮೇಲೆ ಎಲ್ಲಿ ಬೀಳುವುದೋ ಅಲ್ಲಿ ದೀಪದ ಸ್ಥಾನ ತಪ್ಪಿದೆಯೆಂದು ತಿಳಿಯಬೇಕು. ತಾಯಿಯ ಒಲೆಯ ಬಳಿಯಲ್ಲಿ, ಅಜ್ಜಿಯ ಹಾಸಿಗೆಯ ಬಳಿಯಲ್ಲಿ ಈ ಪರೀಕ್ಷೆಯನ್ನು ಮಾಡಿದ ಮಗು ಬೆಳಕಿನ ಪಾಠವನ್ನು ನಿಜವಾಗಿ ಕಲಿತಂತೆ.