ಚೆಕ್‌ಪೋಸ್ಟಿನಲ್ಲಿ ತೆರೆಯುವ ಫೋನು

2021ರ ಫೆಬ್ರವರಿ 1ರಂದು ಮ್ಯಾನ್ಮಾರಿನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ ಚಿನ್ ರಾಜ್ಯದ ಸಾವಿರಾರು ಜನ ಗಡಿಯ ತಿಯಾವು ನದಿ ದಾಟಿ ಭಾರತದ ಮಿಜೋರಾಮಿಗೆ ಬಂದರು. ಈಚೆ ದಡದಲ್ಲಿ ಕೂತು, ಆಚೆ ಉಳಿದವರೊಂದಿಗೆ ಫೋನಿನಲ್ಲೇ ಕ್ಷೇತ್ರಕಾರ್ಯ ಮಾಡಹೊರಟವರಿಗೆ ಈ ಕೆಲವು ಮಾತು.

1. ಮೆಸೇಜು ಎನ್‌ಕ್ರಿಪ್ಟ್ ಆಗಿದೆಯೇ ಎಂಬುದು ಆಮೇಲಿನ ಪ್ರಶ್ನೆ. ಚೆಕ್‌ಪೋಸ್ಟಿನ ಸೈನಿಕ ಗೂಢಲಿಪಿ ಒಡೆಯುತ್ತ ಕೂರುವುದಿಲ್ಲ. ಫೋನ್ ಕೊಡು, ಲಾಕ್ ತೆಗೆ ಅನ್ನುತ್ತಾನೆ. ಅಧಿಕಾರಕ್ಕೆ ಬಂದ ವಾರದಲ್ಲೇ ಸೇನೆ ಫೇಸ್‌ಬುಕ್ಕಿಗೆ ತಡೆ ಹಾಕಿತು, ಹಾಗಾಗಿ ಆ ತಡೆ ದಾಟಿಸುವ ವಿಪಿಎನ್ ಫೋನಿನಲ್ಲಿ ಕಂಡರೂ ಸಾಕು, ಅನುಮಾನ ಶುರು. ಜನ ಊರು ಬಿಡುವ ಮುಂಚೆ ಆ್ಯಪ್‌ಗಳನ್ನು ಅಳಿಸಿ, ತಲುಪಿದ ಮೇಲೆ ಮತ್ತೆ ಹಾಕಿಕೊಳ್ಳುತ್ತಾರೆ. ಪೂರ್ತಿ ಖಾಲಿ ಫೋನೂ ಕೈಕೊಡುತ್ತದೆ. ನನಗೆ ಪರಿಚಯದ ಯುವಕನೊಬ್ಬ ಒಂದೆರಡು ಗೇಮು, ಚರ್ಚಿನ ಹಾಡಿನ ವಿಡಿಯೊ, ಅಕ್ಕನ ಮಗುವಿನ ಫೋಟೊಗಳನ್ನು ಬೇಕೆಂದೇ ಉಳಿಸಿಕೊಳ್ಳುತ್ತಿದ್ದ. ಅಷ್ಟು ಜಾಗ್ರತೆಯಿಂದ ಸಜ್ಜು ಮಾಡಿದ ಫೋನಿಗೆ 'ದಾಳಿಯ ಬಗ್ಗೆ ಇನ್ನಷ್ಟು ಹೇಳಿ' ಎಂಬ ನನ್ನ ಮೆಸೇಜು ಯಾವ ಗಳಿಗೆಯಲ್ಲಿ ಬಂದು ಬೀಳುತ್ತದೋ ಬಲ್ಲವರಾರು? ಹಾಗಾಗಿ ಮಾತು ಶುರುಮಾಡುವುದು ಯಾವಾಗಲೂ ಆಚೆಯವರೇ. ವಾರಗಟ್ಟಲೆ ಸದ್ದಿಲ್ಲದಿದ್ದರೂ ನಾನು ಕೆದಕುವುದಿಲ್ಲ.

2. ಮೆಸೇಜು ಎಷ್ಟು ಹೊತ್ತಿಗೆ ತಾನಾಗಿ ಅಳಿಯಬೇಕೆಂದು ಅವರೇ ತೀರ್ಮಾನಿಸಲಿ. ಟಿಪ್ಪಣಿ ಮಾಡಿಕೊಳ್ಳಲು ಸಮಯ ಸಾಲದಿದ್ದರೆ ಅದು ನಮ್ಮ ಪಾಡು.

3. ಟೆಲಿಗ್ರಾಂ ಎಂದರೆ ಗುಟ್ಟು ಎಂದು ನಂಬಿದವರು ಬಹಳ. ಅಲ್ಲಿ ಸೀಕ್ರೆಟ್ ಚಾಟ್ ಬಿಟ್ಟರೆ ಉಳಿದ ಚಾಟ್‌ಗಳಿಗೆ ಎಂಡ್-ಟು-ಎಂಡ್ ರಕ್ಷಣೆ ಇಲ್ಲ. ಸೇನೆಯ ಪರವಾದ ಚಾನೆಲ್‌ಗಳು ವಿರೋಧಿಗಳ ಹೆಸರು, ಫೋಟೊ, ವಿಳಾಸ ಬಯಲು ಮಾಡಿದ್ದೂ ಅಲ್ಲೇ.

4. ಎಲ್ಲರಿಗೂ ಕಾಣುವ ಪೋಸ್ಟೇ ಆದರೂ ಇದ್ದಹಾಗೇ ಉಲ್ಲೇಖಿಸಬೇಡಿ. ಹೆಸರು ತೆಗೆದರೇನು, ಆ ಸಾಲನ್ನು ಹುಡುಕಿದರೆ ಬರೆದವರು ಸಿಕ್ಕಿಬೀಳುತ್ತಾರೆ. ಒಪ್ಪಿಗೆಯ ಕಾಗದವೂ ಹೀಗೇ ಅಪಾಯ ತಂದೀತು. ನಮ್ಮ ವಿಶ್ವವಿದ್ಯಾಲಯಗಳ ನೈತಿಕತೆಯ ಅರ್ಜಿಗಳಲ್ಲಿ ಸಹಿ ಮಾಡಿಸಿದ ಒಪ್ಪಿಗೆ ಪತ್ರ ಕೇಳುತ್ತಾರೆ. ಆ ಪತ್ರದ ಫೋಟೊ ಸಹಿ ಮಾಡಿದವರ ಫೋನಿನ ಗ್ಯಾಲರಿಯಲ್ಲಿ ಉಳಿದರೆ ಏನಾದೀತೆಂದು ಮಾತ್ರ ಯಾರೂ ಕೇಳುವುದಿಲ್ಲ.

5. ಹಳೆಯ ಪೋಸ್ಟು ಹುಡುಕುವವರು ಯೂನಿಕೋಡಿಗೆ ಹೊಂದದ ಜಾಗೀ (Zawgyi) ಫಾಂಟನ್ನು ಮರೆಯಬಾರದು. 2019ರಲ್ಲಿ ದೇಶ ಯೂನಿಕೋಡಿಗೆ ಹೊರಳುವ ತನಕ ಬರ್ಮೀಸ್ ಬರಹ ಹೆಚ್ಚಾಗಿ ಅದರಲ್ಲೇ ಇತ್ತು. 'ನುಡಿ' ತಂತ್ರಾಂಶದ ಹಳೆಯ ಕಡತಗಳೊಡನೆ ಹೆಣಗಿದ ಕನ್ನಡಿಗರಿಗೆ ಹೆಚ್ಚು ವಿವರಿಸಬೇಕಿಲ್ಲ.

6. 2021ರ ಅಕ್ಟೋಬರಿನಲ್ಲಿ ಚಿನ್ ರಾಜ್ಯದ ಥಾಂತ್ಲಾಂಗ್ ಪಟ್ಟಣ ಹೊತ್ತಿ ಉರಿದ ಚಿತ್ರಗಳು ಜಗತ್ತನ್ನೇ ಸುತ್ತಿದವು. ಅಮೆರಿಕದ ಇಂಡಿಯಾನಾಪೊಲಿಸ್‌ನಂಥ ಊರುಗಳಲ್ಲಿ ನೆಲೆಸಿದ ಚಿನ್ ಜನ ಇಂಥ ಸುದ್ದಿ ನೋಡಿಯೇ ಹಣ ಕೂಡಿಸುವುದು. ಅಂದಮೇಲೆ ಪೋಸ್ಟು ಬರೀ ಸಾಕ್ಷಿಯಲ್ಲ, ಮೊರೆಯೂ ಹೌದು. ಯಾರು, ಯಾರಿಗಾಗಿ ಹಾಕಿದರು ಎಂದು ಕೇಳಿಕೊಂಡೇ ಓದುತ್ತೇನೆ. ಇನ್ನು ಫೋನೇ ಇಲ್ಲದ ಮುದುಕಿಯರು ಈಚೆಯ ಶಿಬಿರಗಳಲ್ಲಿದ್ದಾರೆ. ಊರಿನ ಯಾವ ಮನೆ ಯಾರದೆಂದು ಬಿಡಿಸಿ ಹೇಳುವವರು ಅವರು. ಅಲ್ಲಿಗೆ ನಡೆದೇ ಹೋಗಬೇಕು.